ಎಡ ಹೆಗಲ ಬೈರಾಸು

ಘಾಲಾ, ಅಕ್ಟೋಬರ್ 1991. ಗುರುವಾರ ಮಧ್ಯಾಹ್ನ. ಆಫೀಸು ಇವತ್ತು ಅರ್ಧ ದಿನ. ರೂಮಿನಲ್ಲಿ ಒಬ್ಬನೇ ಇದ್ದೇನೆ. ನಾಳೆ ಸಂಜೆ ಸಲಾಲಾದವರೊಂದಿಗೆ ಫುಟ್‌ಬಾಲ್ ಸೆಮಿಫೈನಲ್.

ಪ್ರೀತಿಯ ಸಂಜೀವಣ್ಣ,

ನೀವು ರಜೆಯಲ್ಲಿ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಟವೆಲನ್ನು, ನಿಮ್ಮ ಆ ಬೈರಾಸನ್ನು, ತೆಗೆದು ನನ್ನ ಕೈಗೆ ಕೊಟ್ಟಿರಿ. "ಒಗ್ದು ಇಡು ಮಾರಾಯ, ಊರಲ್ಲಿ ಬೇರೆ ಉಂಟು" ಎಂದಿರಿ. ಆಮೇಲೆ ಬಂದದ್ದು ನೀವಲ್ಲ, ನಿಮ್ಮ ಮಗಳ ಕಾಗದ. ಊಟ ಮಾಡಿ ಮಲಗಿದವರು ಏಳಲೇ ಇಲ್ಲ ಎಂದು ಬರೆದಿದ್ದಳು. ಕೆಂಪು ಚೌಕುಳಿಯ ಆ ಬೈರಾಸು ನನ್ನ ಮಂಚದ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ಎಸಿಯ ಗಾಳಿಗೆ ಅದು ಮೆಲ್ಲಗೆ ಆಡುವಾಗ, ನೀವು ಈಗಷ್ಟೇ ಅದನ್ನು ಅಲ್ಲಿ ಹಾಕಿ ಕೈಕಾಲು ತೊಳೆಯಲು ಹೋಗಿದ್ದೀರಿ ಎಂದು... ಇರಲಿ.

ನನ್ನನ್ನು ಮೊದಲ ಸಲ ಎದುರಾಳಿಗಳನ್ನು ನೋಡಿ ಬರಲು ಕಳಿಸಿದ್ದು ನೆನಪಿದೆಯೆ? ಈ ಅರಬ್ ನಾಡಿಗೆ ದುಡಿಯಲು ಬಂದ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಆ ತಂಡದಲ್ಲಿ ಚೆಂಡು ಒದೆಯಲು ಬಾರದವನು ನಾನೊಬ್ಬನೇ. ಮೈದಾನದ ಅಂಚಿನಲ್ಲಿ ನೀರಿನ ಡಬ್ಬದ ಮೇಲೆ ಕೂತು, ರಷ್ಯನ್ನಿನಿಂದಲೋ ಬಂಗಾಳಿಯಿಂದಲೋ ಕನ್ನಡಕ್ಕೆ ಬಂದ ಕಾದಂಬರಿ ಓದುತ್ತಿದ್ದೆ. ನೀವು ಪುಸ್ತಕವನ್ನು ಮಡಚಿ ನನ್ನ ಮಡಿಲಲ್ಲಿಟ್ಟಿರಿ. "ಅರ್ಧ ಪುಸ್ತಕ ಓದಿದ್ಮೇಲೆ ಇಂಥ ಜನ ಮುಂದೆ ಎಂತ ಮಾಡ್ತಾನೆ ಅಂತ ನಿಂಗೆ ಗೊತ್ತಾಗ್ತದಲ್ಲ? ಹಾಗೇ ನೋಡಿ ಬಾ. ಚೆಂಡು ನೋಡ್ಬೇಡ, ಅದನ್ನು ಎಲ್ಲರೂ ನೋಡ್ತಾರೆ. ಕೋಚ್ ಎಲ್ಲಿ ನಿಲ್ತಾನೆ, ಗೋಲ್ ಬಿದ್ದಾಗ ಯಾರ ಮುಖ ನೋಡ್ತಾನೆ, ಅದನ್ನು ನೋಡು." ಅಂದಿನಿಂದ ನಾನು ಆಟ ನೋಡಿದವನಲ್ಲ, ಆಟ ನೋಡುವ ಮನುಷ್ಯರನ್ನು ನೋಡಿದವನು.

ಗ್ಯಾರೇಜುಗಳ ಹಿಂದಿನ ಆ ಹುಲ್ಲಿಲ್ಲದ ಮೈದಾನದಲ್ಲಿ ಶುಕ್ರವಾರದ ಸಂಜೆಗಳು ಈಗ ನೆನೆದರೆ ಸದ್ದೇ ಇಲ್ಲದ ಸಿನಿಮಾದಂತೆ ಕಾಣುತ್ತವೆ. ಎದುರು ತಂಡದ ಕೋಚು "ಯಲ್ಲಾ, ಯಲ್ಲಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ನೀವು ತುಟಿ ಬಿಚ್ಚುತ್ತಿರಲಿಲ್ಲ. ಬೈರಾಸು ಎಡ ಹೆಗಲಲ್ಲಿದ್ದರೆ ಎಲ್ಲರೂ ಹಿಂದೆ ನಿಂತು ಕಾಯಬೇಕು. ಬಲಕ್ಕೆ ಬಂದರೆ ಆಟವೂ ಬಲಕ್ಕೆ. ಕುತ್ತಿಗೆಗೆ ಸುತ್ತಿದಿರೋ, ಹನ್ನೊಂದು ಜನವೂ ಮುನ್ನುಗ್ಗಬೇಕು. ಬೆವರು ಒರೆಸಲು ಕೂಡ ನೀವು ಅದನ್ನು ಮುಟ್ಟುತ್ತಿರಲಿಲ್ಲ. ಅಂಗಿಯ ತೋಳಿನಲ್ಲೇ ಒರೆಸಿಕೊಳ್ಳುತ್ತಿದ್ದಿರಿ.

ಚಹಾ ಕುಡಿಯುತ್ತ ಊರಿನ ಹಳೆಯ ಆಟಗಾರರನ್ನೆಲ್ಲ ಆಡಿಕೊಂಡು ನಗುತ್ತಿದ್ದ ನೀವು ಒಂದು ಹೆಸರು ಬಂದಾಗ ಮಾತ್ರ ಲೋಟ ಕೆಳಗಿಡುತ್ತಿದ್ದಿರಿ. ಜಯಕರ. ನೀವು ಕಾಲೇಜಿನಲ್ಲಿ ತರಬೇತಿ ಕೊಟ್ಟ ಹುಡುಗರಲ್ಲೆಲ್ಲ ಚುರುಕಾದವರು. ಮುಂದೆ ಹೊಳೆಯಾಚೆಯ ಕಾಲೇಜಿಗೆ ಕೋಚಾಗಿ ಹೋದವರು. "ಹೊಳೆ ದಾಟಿದವ" ಎಂದಷ್ಟೇ ಹೇಳಿ ಲೋಟ ಎತ್ತಿಕೊಳ್ಳುತ್ತಿದ್ದಿರಿ. ಅವರೊಂದಿಗೆ ಮತ್ತೆ ಮಾತಾಡಲಿಲ್ಲ. ಆಮೇಲೆ ನೀವು ಘಾಲಾಕ್ಕೆ ಬಂದಿರಿ, ಅವರು ಸಲಾಲಾದ ಬಂದರಿಗೆ ಬಂದರು. ದೋಣಿಯಲ್ಲಿ ಒಂದು ಬೀಡಿ ಮುಗಿಯುವುದರೊಳಗೆ ದಾಟುತ್ತಿದ್ದ ಆ ಹೊಳೆ ಇಲ್ಲಿ ಇಷ್ಟು ದೊಡ್ಡ ಮರಳುಗಾಡಾಯಿತು. ಅದು ಸಾಕಾಗಲಿಲ್ಲವೇ ನಿಮಗೆ?

ಕಳೆದ ತಿಂಗಳು ಬಿಡಿಭಾಗಗಳ ಗೋಡೌನು ನೋಡಲು ಕಂಪನಿ ನನ್ನನ್ನು ಸಲಾಲಾಕ್ಕೆ ಕಳಿಸಿತ್ತು. ಸಂಜೆ ಜಯಕರಣ್ಣನ ತಂಡದ, ಹೊಳೆಯಾಚೆಯ ಕಾಲೇಜಿನ ಹಳೆ ವಿದ್ಯಾರ್ಥಿಗಳ, ಅಭ್ಯಾಸ ನೋಡಲು ಹೋದೆ. ಮಳೆಗಾಲದ ಕೊನೆ, ಜರಡಿ ಹಿಡಿದಂಥ ಸಣ್ಣ ಮಳೆ. ತೆಂಗಿನ ತೋಟದ ಅಂಚಿನಲ್ಲಿ ಮೈದಾನ. ನಮ್ಮ ಕಡಲತಡಿಯೇ ಅನ್ನಬೇಕು, ಆದರೆ ಮರದ ಬುಡದಲ್ಲಿ ಒಂಟೆ ಮಲಗಿತ್ತು. ಮಂಜಿನಲ್ಲಿ ಆಟಗಾರರು ಸೊಂಟದವರೆಗೆ ಕರಗಿ ಹೋಗಿ ಮತ್ತೆ ಮೂಡುತ್ತಿದ್ದರು. ಗೆರೆಯ ಬಳಿ ಒಬ್ಬರು ನನಗೆ ಬೆನ್ನು ಹಾಕಿ ನಿಂತಿದ್ದರು. ಬಲಗಾಲ ಮೇಲೆ ಭಾರ, ಎಡ ಹೆಗಲ ಮೇಲೆ ಬೈರಾಸು. "ಸಂಜೀವಣ್ಣ" ಎಂದು ಕರೆಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ತಿರುಗಿದರು. ಚೆನ್ನಾಗಿ ಅನುವಾದವಾದ ಪುಸ್ತಕದಲ್ಲಿ ಮಾತುಗಳೆಲ್ಲ ಬೇರೆಯಾಗಿದ್ದೂ ಬರೆದವನ ಉಸಿರು ಹಾಗೇ ಇರುತ್ತದಲ್ಲ, ಜಯಕರಣ್ಣ ನನಗೆ ಹಾಗೆ ಕಂಡರು.

ನೋಡಿ ಬಂದದ್ದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ಅವರ ಗೋಲ್‌ಕೀಪರ್ ಎತ್ತರದವನು, ಆದರೆ ಕಾರ್ನರ್ ಬಂದಾಗ ಗೆರೆ ಬಿಟ್ಟು ಹೊರಬರಲು ಹೆದರುತ್ತಾನೆ. ಎಡಗಡೆಯ ಮುನ್ನುಗ್ಗುವ ಹುಡುಗ ಬಲು ವೇಗಿ. ಚೆಂಡು ಒಳಗೆ ಹಾಕುವ ಮೊದಲು ಮಾತ್ರ ಕೋಚಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ, ಅಷ್ಟರಲ್ಲಿ ಅವನನ್ನು ತಡೆಯಬಹುದು. ಗೋಲು ಬಿದ್ದಾಗ ಜಯಕರಣ್ಣ ಹೊಡೆದವನನ್ನು ನೋಡುವುದಿಲ್ಲ, ಬಿಟ್ಟುಕೊಟ್ಟವನನ್ನು ನೋಡುತ್ತಾರೆ. ನಿಮ್ಮ ಹಾಗೆಯೇ. ಆಮೇಲೆ ಇನ್ನೊಂದು ಕಂಡೆ. ಎದುರಿನ ಗೆರೆಯಲ್ಲಿ ಒಬ್ಬನಿಗೆ ಬೈರಾಸು ಹಾಕಿಸಿ ನಿಲ್ಲಿಸಿದ್ದರು. ಅವನು ಅದನ್ನು ಕುತ್ತಿಗೆಗೆ ಸುತ್ತಿದೊಡನೆ ಇಡೀ ತಂಡ ಹಿಂದೆ ಸರಿದು ಗೋಡೆ ಕಟ್ಟುತ್ತಿತ್ತು. ಅವರು ಅಭ್ಯಾಸ ಮಾಡಿಸುತ್ತಿದ್ದುದು ನಮ್ಮ ವಿರುದ್ಧದ ಆಟವನ್ನಲ್ಲ, ನಿಮ್ಮನ್ನು ಓದುವುದನ್ನು.

ನಾನು ಕಳ್ಳನಂತೆ ತೆಂಗಿನ ಮರದ ಹಿಂದೆ ನಿಂತಿದ್ದೆ. ಅವರೇ ಹತ್ತಿರ ಬಂದರು. "ಘಾಲಾದವ್ರಾ? ಅಡಗಿ ಕೂತು ನೋಡುದು ಯಾಕೆ, ಬನ್ನಿ, ಬೆಂಚ್ ಉಂಟು" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಕಳ್ಸಿದ್ದು ಸಂಜೀವಣ್ಣನಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಅದು ಪೂರಾ ಸುಳ್ಳೇ?

"ಬೈರಾಸು ಈಗ್ಲೂ ಎಡ ಹೆಗಲಲ್ಲೇ ಉಂಟಾ?"

"ಉಂಟು" ಎಂದೆ.

ಮುಖದ ಮೇಲಿನ ಮಳೆ ಒರೆಸಿಕೊಂಡರು, ಅಂಗಿಯ ತೋಳಿನಲ್ಲೇ. "ಊರಲ್ಲಿ ಎರಡು ಸಲ ಅವರ ಮನೆ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಬರಿಗೈಯಲ್ಲಿ ಹೋದ್ರೆ ಅವ್ರು ಮಾತಾಡುವ ಜನ ಅಲ್ಲ. ಈ ಸಲ ಗೆದ್ದು ಸೀದಾ ಅವರ ಎದುರು ಹೋಗಿ ನಿಲ್ತೇನೆ. ಆಗ ಬೈಲಿಕ್ಕಾದ್ರೂ ಬಾಯಿ ಬಿಡ್ಬೇಕಲ್ಲ? ಹೇಳ್ಬೇಡಿ ಆಯ್ತಾ."

ನಿಮಗೆ ಹೇಳಬಾರದಂತೆ, ಸಂಜೀವಣ್ಣ. ಹೇಳುತ್ತಿದ್ದೇನೆ. ನೀವು ಲೋಟ ಕೆಳಗಿಟ್ಟಾಗಲೆಲ್ಲ ಅಲ್ಲಿ ಅವರೂ...

ಘಾಲಾಕ್ಕೆ ಹಿಂತಿರುಗಿ ನಮ್ಮ ಕ್ಯಾಪ್ಟನ್ ಲೋಕೇಶನಿಗೂ ಹುಡುಗರಿಗೂ ಇದನ್ನು ಹೇಳಿದ ಸಂಜೆ ರೂಮಿನಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡಿತು. ಲೋಕೇಶ ತೊಡೆ ತಟ್ಟಿಕೊಂಡ. "ಅಂದ್ರೆ ಸಂಜೀವಣ್ಣ ತೀರಿಹೋದದ್ದು ಅವ್ರಿಗೆ ಗೊತ್ತೇ ಇಲ್ಲ! ಹಾಗಾದ್ರೆ ಗೊತ್ತಾಗುದೂ ಬೇಡ. ಅಣ್ಣ, ನೀವು ಬೈರಾಸು ಹಾಕಿ ಗೆರೆಯಲ್ಲಿ ನಿಲ್ಲಿ. ಎಲ್ಲ ಉಲ್ಟಾ ಮಾಡುವ. ಎಡಕ್ಕೆ ಹಾಕಿದ್ರೆ ನಾವು ನುಗ್ಗುದು, ಕುತ್ತಿಗೆಗೆ ಹಾಕಿದ್ರೆ ನಿಲ್ಲುದು."

"ಸಂಜೀವಣ್ಣ ಎಲ್ಲಿ ಅಂತ ಕೇಳಿದ್ರೆ?" ಎಂದೆ.

"ಜ್ವರ, ಕಾರಲ್ಲಿ ಕೂತು ನೋಡ್ತಿದ್ದಾರೆ ಹೇಳಿ. ಅವರತ್ರ ಕೇಳಿ ಕೇಳಿ ನೀವು ಬೈರಾಸು ಹಾಕುದು ಅಂತ. ಕಪ್ಪು ಗಾಜಿನ ಕಾರು ನಮ್ಮ ಗ್ಯಾರೇಜಲ್ಲಿ ಬೇಕಾದಷ್ಟುಂಟು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳ್ಳೆಯ ಉಪಾಯವೇ, ನೀವೂ ನಗುತ್ತಿದ್ದಿರಿ. ಆಮೇಲೆ ಲೋಕೇಶ ನಗು ನಿಲ್ಲಿಸಿ ಹೇಳಿದ: "ಸಂಜೀವಣ್ಣ ಹೋದ್ಮೇಲೆ ಇಬ್ರು ಆಗ್ಲೇ ಬೇರೆ ಟೀಮಿಗೆ ಹೋದ್ರು. ಇದೂ ಸೋತ್ರೆ ಖಲಾಸ್. ನಮ್ಮ ಕಾಲೇಜಿನ ಹೆಸರಲ್ಲಿ ಇಲ್ಲಿ ಟೀಮೇ ಇರುದಿಲ್ಲ." ಅದೂ ನಿಜ. ನಾನು ಒಪ್ಪಿಕೊಂಡೆ.

ನಿನ್ನೆ ಸಂಜೆ ಕನ್ನಡಿಯ ಮುಂದೆ ನಿಂತು ಬೈರಾಸನ್ನು ಎಡದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬಲಕ್ಕೆ ಹಾಕಿ ನೋಡಿದೆ. ನಿಮ್ಮ ಹಾಗೆಯೇ ಬಂತು. ನಾಳೆ ಮೈದಾನದ ಆಚೆ ಗೆರೆಯಲ್ಲಿ ನಿಂತು ಜಯಕರಣ್ಣ ಇದನ್ನೇ ನೋಡುತ್ತಿರುತ್ತಾರೆ. ಇದು ಅಲುಗಿದಾಗಲೆಲ್ಲ ನೀವು ಇಷ್ಟು ವರ್ಷಗಳ ಮೇಲೆ ತಮ್ಮೊಂದಿಗೆ ಮಾತಾಡಿದಿರಿ ಎಂದುಕೊಳ್ಳುತ್ತಾರೆ. ಆ ಮಾತು ನಾನು ಹುಟ್ಟಿಸಿದ್ದಾಗಿರುತ್ತದೆ. ಬರೆದವನು ಬರೆಯದ ಸಾಲನ್ನು ಅನುವಾದಕ ಸೇರಿಸಿದ್ದು ಕಂಡರೆ ನಾನು ಆ ಪುಸ್ತಕವನ್ನು ಮತ್ತೆ ಮುಟ್ಟುವವನಲ್ಲ. ಆಮೇಲೆ ಗೆದ್ದರೂ ಸೋತರೂ ಅವರು ಮೈದಾನ ದಾಟಿ ಬರುತ್ತಾರಲ್ಲ, ಆ ಕಾರಿನ ಬಾಗಿಲವರೆಗೆ? ಬಾಗಿಲು ತೆರೆಯುವವನು ಯಾರು?

ಅವರ ಬಸ್ಸು ಇವತ್ತು ಸಂಜೆ ಸಲಾಲಾ ಬಿಡುತ್ತದೆ, ರಾತ್ರಿಯಿಡೀ ಮರಳು ದಾಟಿ ಬೆಳಿಗ್ಗೆ ಇಲ್ಲಿಯ ರೂವಿ ಬಸ್ ನಿಲ್ದಾಣಕ್ಕೆ ಬರುತ್ತದೆ. ನಾನು ಅಲ್ಲಿ ನಿಂತಿರುತ್ತೇನೆ. ಲೋಕೇಶನಿಗೆ ಹೇಳಿಲ್ಲ, ಬಂದು ಹೇಳುತ್ತೇನೆ, ಬೈದರೆ ಬೈಯಲಿ. ಜಯಕರಣ್ಣನನ್ನು ಹುಡುಗರಿಂದ ಆಚೆ ಕರೆದು ನೀವಿಲ್ಲ ಎಂಬುದನ್ನು ಯಾವ ಮಾತಿನಿಂದ ಶುರುಮಾಡಬೇಕೋ ಇನ್ನೂ ತೋಚಿಲ್ಲ. ಈ ಕಾಗದದ ನಡುವೆ ಎದ್ದು ಬೈರಾಸನ್ನು ಒಗೆದು ಕಿಟಕಿಗೆ ಹಾಕಿದ್ದೇನೆ, ಈ ಬಿಸಿಲಿಗೆ ಆಗಲೇ ಒಣಗಿದೆ. ಮಡಚಿ ಜೊತೆಗೆ ಒಯ್ಯುತ್ತೇನೆ. ಅವರು ಗೆಲ್ಲುವ ಮೊದಲೇ ಅದನ್ನು ಅವರ ಕೈಗೆ ಕೊಡುತ್ತೇನೆ.