ಫೈರ್‌ವಾಲಿನ ಆಚೆ ಸುಚಿತ್ರಾ

ಸೋಮವಾರ, ಸೆಪ್ಟೆಂಬರ್ 8

ಮೊಬೈಲ್ ಗೇಟಿನ ಲಾಕರಿಗೆ ಹಾಕಿ ಒಳಗೆ. ಊಟದವರೆಗೆ ಸಾಲದ ಅರ್ಜಿಗಳ ಎಂಟ್ರಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದರೆ ಕೆಂಪು ಅಕ್ಷರ — ಬ್ಲಾಕ್. ಸುಚಿತ್ರಾ ಹುಡುಕಿಕೊಟ್ಟ ಚಾಟ್ ಪೇಜ್ ಮಾತ್ರ ತೆರೆಯುತ್ತದೆ. ಯಾರೂ ಕೇಳದ ಹೆಸರು, ಆಫೀಸಿನ ಫೈರ್‌ವಾಲ್‌ಗೂ ಗೊತ್ತಿಲ್ಲ. ಅವಳು ಹೊಸನಗರ ಬ್ರಾಂಚಿನಲ್ಲಿ, ನಾನು ತೀರ್ಥಹಳ್ಳಿಯಲ್ಲಿ. ಟ್ರೈನಿಂಗಿನಲ್ಲಿ ಒಂದೇ ರೂಮಿನಲ್ಲಿದ್ದವರು.

"ಉಂಡ್ಯಾ?" ಅಂತ ಬರೆದಳು.

"ಹ್ಞೂಂ."

"ಸುಳ್ಳು ಹೇಳ್ಬೇಡ. ಡಬ್ಬಿ ತೆಗ್ದೇ ಇಲ್ಲ ನೀನು."

ತೆಗೆದಿರಲಿಲ್ಲ. ಹೋದ ತಿಂಗಳು ಅಮ್ಮ ತೀರಿಕೊಂಡ ಮೇಲೆ ಹೀಗೆ ಕೇಳುವವಳು ಇವಳೊಬ್ಬಳೇ. ಡಬ್ಬಿ ತೆಗೆದೆ.

ಗುರುವಾರ, ಸೆಪ್ಟೆಂಬರ್ 11

"ತಿಥಿ ದಿನ ಒಲೆ ಹತ್ರ ಕೂತು ಅಳ್ತಿದ್ರಲ್ಲ, ನಿನ್ ಹಂಗೇ ಮುಖ — ಅವ್ರು ಯಾರೇ?" ಸುಚಿತ್ರಾ ಕೇಳಿದಳು.

ಯಾವತ್ತೂ ಹೇಳಿರಲಿಲ್ಲ. ಇವತ್ತು ಬರೆದೆ. ಅವರು ನನ್ನನ್ನು ಹೆತ್ತವರು. ಅರಳಸುರಳಿಯಲ್ಲಿದ್ದಾರೆ. ನಾನು ಕರೆಯುವುದು ಚಿಕ್ಕಮ್ಮ ಅಂತ. ನನಗೆ ಮೂರು ತುಂಬುವ ಮೊದಲೇ ಮಕ್ಕಳಿಲ್ಲದ ಅಕ್ಕನ ಮಡಿಲಿಗೆ ಹಾಕಿದರು, ಕಾಗದಪತ್ರ ಏನೂ ಇಲ್ಲದೆ. ಆ ಅಕ್ಕ ಹೂವಮ್ಮ — ನನ್ನ ಅಮ್ಮ. ನಮ್ಮ ಕವಲೇದುರ್ಗದ ಕಡೆ ಇದನ್ನು ಯಾರೂ ಗುಟ್ಟು ಮಾಡಿದ್ದಿಲ್ಲ. ಎತ್ತಿ ಆಡಿದ್ದೂ ಇಲ್ಲ.

"ಮತ್ತೆ ರಜೆ ಅರ್ಜೀಲಿ?"

"ತಾಯಿ ಅಂತ ಬರ್ದೆ. ಇನ್ನೆಂತ ಬರೀಲಿ?"

ತಿಥಿಯವರೆಗಿನ ರಜೆ ತಂದೆ ತಾಯಿ ಹೋದರೆ ಮಾತ್ರ. ದೊಡ್ಡಮ್ಮನಿಗೆ ಒಂದು ದಿನವೂ ಇಲ್ಲ.

ಸುಚಿತ್ರಾ ಬರೆದಳು — "ಸರಿಯಾಗೇ ಬರ್ದಿದೀಯ ಬಿಡು ಮಾರಾಯ್ತಿ. ನಂಗೂ ಅವ್ರು ಅಮ್ಮನೇ. ಎಷ್ಟ್ ಸಲ ಉಂಡಿಲ್ಲ ಅವ್ರ ಕೈಯಲ್ಲಿ."

ಸ್ಕ್ರೀನ್ ಮುಂದೆ ಅತ್ತುಬಿಟ್ಟೆ. ಕಣ್ಣುರಿ ಅಂದೆ ಪಕ್ಕದವರಿಗೆ.

ಬುಧವಾರ, ಸೆಪ್ಟೆಂಬರ್ 24

ಪೇಜ್ ತೆರೆಯುತ್ತಿಲ್ಲ. ಅದಕ್ಕೂ ಕೆಂಪು ಅಕ್ಷರ. ಟೀ ಹೊತ್ತಿಗೆ ಕಂಪ್ಯೂಟರ್ ನೋಡಿಕೊಳ್ಳುವ ಪೂರ್ಣೇಶ್ ಮೆಲ್ಲಗೆ ಹೇಳಿದ —

"ವಿನಯಕ್ಕ, ಆ ಪೇಜ್ ಯಾರ್ಯಾರು ತೆಗ್ದಿದಾರೆ ಅಂತ ಸಾಗರದ ಹೆಡ್ ಆಫೀಸಿಗೆ ಗೊತ್ತಾಗಿದೆ. ನೀವಿದೀರಿ. ಹೊಸನಗರದವ್ರೂ ಇದಾರೆ."

"ಬರ್ದಿದ್ದೆಲ್ಲ ಓದ್ತಾರಾ?"

"ಅದಾಗಲ್ಲ. ಆ ಮನೆಗೆ ಹೋಗಿದ್ದು ಕಾಣ್ತದೆ, ಒಳಗೆ ಕೂತು ಎಂತ ಮಾತಾಡಿದ್ರಿ ಅಂತ ಕಾಣಲ್ಲ."

ಸಮಾಧಾನ. ಸಂಜೆ ಸುಚಿತ್ರಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹೆದರಿರಬೇಕು, ಪಾಪ.

ಸೋಮವಾರ, ಅಕ್ಟೋಬರ್ 6

ಸಾಗರದಿಂದ ಮ್ಯಾನೇಜರ್ ಮಂಜುನಾಥಪ್ಪ ಬಂದಿದ್ದರು. ಕರೆಸಿದರು. ಬಯ್ಯಲಿಲ್ಲ.

"ಚಾಟ್ ವಿಷ್ಯ ಬಿಡಮ್ಮ, ಎಲ್ರೂ ಮಾಡ್ತಾರೆ. ಅರಳಸುರಳೀಲಿ ತಾಯಿ ಹೆಂಗಿದಾರೆ?"

ಮುಂದಕ್ಕೆ ಒಂದು ಪ್ರಿಂಟ್ ತಳ್ಳಿದರು. ನಾನು ಅವತ್ತು ಬರೆದ ಸಾಲುಗಳು. ನನ್ನವು ಮಾತ್ರ. 'ನಂಗೂ ಅವ್ರು ಅಮ್ಮನೇ' ಅಂದದ್ದು ಇರಲಿಲ್ಲ. ಸುಚಿತ್ರಾ ಬರೆದದ್ದನ್ನೆಲ್ಲ ತೆಗೆದಿತ್ತು.

"ಬದುಕಿರೋ ತಾಯಿ ಸತ್ರು ಅಂತ ರಜೆ ತಗೊಂಡ್ರೆ ಕೆಲ್ಸ ಹೋಗ್ತದೆ ಕಣಮ್ಮ. ನಾನು ಮೇಲೆ ಕಳಿಸಲ್ಲ. ತೀರಿಕೊಂಡವರು ನನ್ನ ತಾಯಿಯಲ್ಲ, ತಪ್ಪು ಮಾಹಿತಿ ಕೊಟ್ಟಿದ್ದೆ ಅಂತ ಕೈಯಲ್ಲಿ ಬರ್ದು ಕೊಡು, ಅಲ್ಲಿಗೇ ಮುಗಿಸ್ತೀನಿ. ನಾಳೆ ತಂದ್ರೆ ಸಾಕು."

ಅದೇ ದಿನ, ಸಂಜೆ

ಕೊನೆಗೂ ಸುಚಿತ್ರಾ ಫೋನ್ ಎತ್ತಿದಳು.

"ಗಿರಾಕಿಗಳ ವಿಷ್ಯ ಹೊರಗೆ ಹೇಳ್ತಿದೀವಿ ಅಂದ್ಕೊಂಡಿದ್ರು ಕಣೆ. ಮನೆ ಮಾತು ಅಂತ ಮೊಬೈಲಲ್ಲಿ ತೆಗ್ದು ತೋರ್ಸಿದೆ."

"ದಿನಾ ಮಾತಾಡಿದೀವಿ. ಊಟದ್ದು, ಬಸ್ಸಿಂದು. ಅದೊಂದೇ ಯಾಕೆ ತೋರ್ಸ್ದೆ?"

ಅವಳ ಮನೆಯಲ್ಲಿ ಕುಕ್ಕರ್ ಕೂಗಿತು.

"ಬರೀ ಊಟದ್ದು ತೋರ್ಸಿದ್ರೆ ನನ್ನ ಬಿಡ್ತಿರ್ಲಿಲ್ಲ. ಎಂತಾದ್ರೂ ಕೊಡ್ಲೇಬೇಕಿತ್ತು... ಒಂದು ಸಾಲು ಬರ್ಕೊಟ್ರೆ ಮುಗೀತಲ್ಲ ವಿನಯಾ. ಅವ್ರು ನಿನ್ ಹೆತ್ತವ್ರಲ್ಲ ಅನ್ನೋದು ಸುಳ್ಳೇನಲ್ಲ."

ಫೋನಿಟ್ಟೆ. ತಿಥಿ ದಿನ ಅಮ್ಮನ ಎಡೆಗೆ ಬಾಳೆಲೆ ಒರೆಸಿಕೊಟ್ಟವಳು ಇವಳೇ.

ಮಂಗಳವಾರ, ಅಕ್ಟೋಬರ್ 7, ಬೆಳಿಗ್ಗೆ

ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬರ್ದು ಕೊಡೆ ಮಗ. ಕೆಲ್ಸ ಉಳೀಲಿ. ಅಕ್ಕ ಎಂತ ಬೇಜಾರು ಮಾಡ್ಕೊಳಲ್ಲ." ಆಮೇಲೆ — "ಅದ್ರಲ್ಲಿ ನನ್ ಹೆಸ್ರು ಬರ್ತದಾ? ತಾಯಿ ಅಂತ?"

ದನಿಯಲ್ಲಿ ಆಸೆ ಇತ್ತು. ಇಷ್ಟು ವರ್ಷ ಒಮ್ಮೆಯೂ ಕೇಳದವರು. ಬಸ್ಸು ಬಂತು ಅಂತ ಸುಳ್ಳು ಹೇಳಿ ಇಟ್ಟೆ.

ಬಿಳಿ ಹಾಳೆ ಪಕ್ಕದಲ್ಲಿದೆ. ಮೊದಲು ಈ ಡೈರಿಯಲ್ಲಿ ಬರೆದು ನೋಡುವುದು, ಆಮೇಲೆ ಆ ಹಾಳೆಗೆ.

ಮಾನ್ಯರೇ,

ತೀರಿಕೊಂಡ ಹೂವಮ್ಮನವರು ನನ್ನ ತಾಯಿ. ರಜೆಯ ಅರ್ಜಿಯಲ್ಲಿ ಬರೆದದ್ದು ನಿಜ. ಕೆಲಸದ ವಿಷಯ ತಮಗೆ ಬಿಟ್ಟದ್ದು. ಅರಳಸುರಳಿಯಲ್ಲಿರುವವರು ನನ್ನ...