ಮುಲ್ಕಿಯವಳ ಮುಲ್ಕಿಯಾ

ಡಿಸ್ಕವರಿ ಗಾರ್ಡನ್ಸ್, ದುಬೈ
೯ ಜನವರಿ ೨೦೧೫, ಶುಕ್ರವಾರ

ಕಾರಿಗೆ ಯಜಮಾನರಲ್ಲದ ನನ್ನ ಯಜಮಾನರಿಗೆ ನಮಸ್ಕಾರ.

ಹೀಗೆ ಶುರು ಮಾಡಿದಳಲ್ಲ ಎಂದು ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಹೆಸರು ಬರೆಯಲು ಹೊರಟರೆ ಕೈ ತಡೆಯುತ್ತದೆ, 'ಪ್ರೀತಿಯ' ಎಂದು ಬರೆಯಲು ಹೊರಟರೆ ಸಿಟ್ಟು ಬರುತ್ತದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು 'ಹೂಂ' ಅನ್ನುತ್ತೀರಿ, ನಾನು 'ಸರಿ' ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ವಾಟ್ಸಾಪಿನಲ್ಲಂತೂ ಏನು ಬರೆದರೂ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುತ್ತೀರಿ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಮನೆಯಲ್ಲಿ ನಾವು ಮಾತಾಡುವುದು ತುಳುವಾದರೂ ಬರೆಯಲು ಕೂತರೆ ಕನ್ನಡವೇ ಬರುತ್ತದೆ ನೋಡಿ. ಶಾಲೆಯ ಅಭ್ಯಾಸ, ಏನು ಮಾಡುವುದು.

ನಿಮ್ಮ ಮೆಸೇಜು ಸಿಕ್ಕಿತು. ನಮ್ಮ ಕಾರು ನಿಮ್ಮ ಆಫೀಸಿನವರೊಬ್ಬರಿಗೆ ಪಾರ್ಟ್ಸಿಗೆ ಬೇಕಂತೆ. ಕಾರಿನ ಮುಲ್ಕಿಯಾ ಕಾರ್ಡು ನನ್ನ ಹೆಸರಲ್ಲಿ ಇರುವುದರಿಂದ ಭಾನುವಾರ ನಾನು ಟ್ರಾಫಿಕ್ ಆಫೀಸಿಗೆ ಬಂದು ಸಹಿ ಹಾಕಬೇಕಂತೆ. ಪಾರ್ಟ್ಸಿಗೆ! ಕೋಳಿ ಕೊಯ್ದು ಪೀಸು ಮಾಡಿದ ಹಾಗೆ ಮಾಡುತ್ತಾರಾ ಅದನ್ನು? ಓದಿದವಳು ಒಲೆಯ ಮೇಲಿಟ್ಟ ಹಾಲು ಮರೆತು ಬಾಲ್ಕನಿಗೆ ಹೋಗಿ ಕೆಳಗೆ ನಿಂತಿದ್ದ ಕಾರನ್ನು ನೋಡುತ್ತ ನಿಂತೆ. ಈಚೆಗೆ ನಿಮಗೂ ನನಗೂ ಒಟ್ಟಿಗೆ ಸೇರಿದ್ದು ಅಂತ ಉಳಿದಿರುವುದು ಅದೊಂದೇ. ಅದಕ್ಕೆ ಸಹಿ ಹಾಕಿದರೆ ಬರೀ ಕಾರಿಗೆ ಹಾಕಿದ ಹಾಗೆ ಆಗುವುದಿಲ್ಲ ಎಂದು ನಿಮಗೂ ಗೊತ್ತು. ಆದ್ದರಿಂದ ಭಾನುವಾರಕ್ಕೆ ಮೊದಲು ಇದನ್ನು ಪೂರ್ತಿ ಓದಿ. ಅರ್ಧ ಓದಿ ಮಡಚಿ ಇಡುವ ಚಾಳಿ ಇಲ್ಲಿ ಬೇಡ.

ಈ ಫ್ಲ್ಯಾಟಿಗೆ ಬರುವ ಮೊದಲು ಸತ್ವಾದಲ್ಲಿದ್ದ ದಿನಗಳು ನಿಮಗೆ ನೆನಪಿವೆಯಾ? ಆ ಹಳೇ ವಿಲ್ಲಾದಲ್ಲಿ ನಮಗೆ ಇದ್ದದ್ದು ಒಂದು ಕೋಣೆ, ಬಟ್ಟೆ ಒಣಗಿಸಲೂ ಸರದಿ ಕಾಯಬೇಕು. ಅಂಥದ್ದರಲ್ಲಿ ಒಂದು ಸಂಜೆ ನೀವು ಎರಡೇ ಸೀಟಿನ, ಬಟ್ಟೆಯ ಮಾಡಿನ, ಬಣ್ಣ ಮಾಸಿದ ಕೆಂಪು ಕಾರು ತಂದು ನಿಲ್ಲಿಸಿದಿರಿ. ಊರಿಗೆ ಹೊರಟ ಇಂಗ್ಲೆಂಡಿನವನೊಬ್ಬ ಪಾಯ್ಸರ ಗ್ಯಾರೇಜಿನಲ್ಲಿ ಬಿಟ್ಟುಹೋದದ್ದಂತೆ. ಒಂದು ಅಕ್ಕಿ ಚೀಲ ಇಡಲು ಜಾಗ ಇಲ್ಲದ ಕಾರು ನಮಗೆ ಎಂತಕ್ಕೆ ಮಾರಾಯ್ರೆ ಎಂದು ನಾನು ಬೈದೆ. ನೀವು ಒಂದು ಬಟನ್ ಒತ್ತಿದಿರಿ. ಬಾನೆಟ್ಟಿನೊಳಗೆ ಮಲಗಿದ್ದ ಹೆಡ್‌ಲೈಟುಗಳಲ್ಲಿ ಎಡಗಡೆಯದು ಟಪ್ಪೆಂದು ಎದ್ದಿತು. ಬಲಗಡೆಯದು ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಎದ್ದಿತು. ನನಗೆ ನಗು ತಡೆಯಲಿಲ್ಲ. ನಕ್ಕಳು ಎಂದ ಮೇಲೆ ಒಪ್ಪಿದಳು ಎಂದೇ ನೀವು ಲೆಕ್ಕ ಹಾಕಿದಿರಿ.

ಆ ತಿಂಗಳು ನಿಮ್ಮ ವೀಸಾ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಹಾಗಾಗಿ ಕಾರು ನನ್ನ ಹೆಸರಿಗೆ ಬಂತು. ಊರಲ್ಲಿ ಆರ್.ಸಿ. ಅನ್ನುವುದಕ್ಕೆ ಇಲ್ಲಿ ಮುಲ್ಕಿಯಾ ಅನ್ನುತ್ತಾರೆ ಎಂದು ನನಗೆ ತಿಳಿದದ್ದೇ ಅವತ್ತು. ನನ್ನ ತವರೂರು ಮುಲ್ಕಿಯಲ್ಲವಾ, ಮುಲ್ಕಿಯವಳ ಹೆಸರಲ್ಲೇ ಮುಲ್ಕಿಯಾ ಎಂದು ನೀವು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದಿರಿ. ಮೊದಲನೇ ಸಲ ನಾನೂ ನಕ್ಕೆ.

ಶುಕ್ರವಾರ ಬಂದರೆ ಬೇರೆಯವರು ಮಾಲ್‌ಗೆ ಹೋಗುತ್ತಿದ್ದರು, ನಾವು ಬಾನೆಟ್ ಎತ್ತುತ್ತಿದ್ದೆವು. ಟಾರ್ಚ್ ಹಿಡಿಯುವುದು ನನ್ನ ಕೆಲಸ, ಎಲ್ಲಿ ಹಿಡಿದರೂ ತಪ್ಪು. ಕಣ್ಣಿಗೆ ಹಿಡಿದೆ ಎನ್ನುತ್ತೀರಿ, ಕೈಗೆ ಹಿಡಿ ಎನ್ನುತ್ತೀರಿ, ಕೈಗೆ ಹಿಡಿದರೆ ಪೈಪಿಗೆ ಎನ್ನುತ್ತೀರಿ. ಹಾಗೆ ಬೈಸಿಕೊಳ್ಳುತ್ತಲೇ ನನಗೆ ರೇಡಿಯೇಟರ್ ಎಲ್ಲಿ, ಫ್ಯಾನ್ ಬೆಲ್ಟ್ ಎಲ್ಲಿ ಎಂಬುದೆಲ್ಲ ಗೊತ್ತಾಯಿತು. ಇಲ್ಲಿನ ಬಿಸಿಲಿಗೆ ರಬ್ಬರ್ ಎಂಬುದು ಹಪ್ಪಳವಾಗಿ ಒಡೆಯುತ್ತದೆ, ಬ್ಯಾಟರಿ ಎರಡು ಬೇಸಿಗೆ ಕಂಡರೆ ಹೆಚ್ಚು. ಮಾಡಿನ ಬಟ್ಟೆ ಹರಿದಾಗ ನೀವು ತಲೆ ಮೇಲೆ ಕೈ ಹೊತ್ತು ಕೂತಿರಿ. ನನ್ನ ರವಿಕೆ ಹೊಲಿಯುವ ಸತ್ವಾದ ಟೈಲರನ ಹತ್ತಿರ ನಾನೇ ತೆಗೆದುಕೊಂಡು ಹೋದೆ. ಅವನು ಕಾರನ್ನೂ ನನ್ನನ್ನೂ ನೋಡಿ, ಅಳತೆ ತೆಗೆಯಬೇಕಾ ಮೇಡಂ ಎಂದು ಕೇಳಿದ. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ, ಬೇಕಾದರೆ ಬಂದು ಎಳೆದು ನೋಡಿ.

ಅಲ್ ಐನ್‌ನ ಜಬಲ್ ಹಫೀತ್ ಹತ್ತಿದ್ದು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ. ಜೂನ್ ತಿಂಗಳು, ಬುದ್ಧಿ ಇದ್ದವರು ಮನೆಯಿಂದ ಹೊರಗೆ ಹೊರಡದ ಹೊತ್ತು. ಅರ್ಧ ಬೆಟ್ಟದಲ್ಲಿ ಎಂಜಿನ್ ಕಾಯಿತು, ಮೀಟರಿನ ಮುಳ್ಳು ಮೇಲೆ ಹೋಗಿ ಕೂತಿತು. ನೀವು ಗಂಭೀರವಾಗಿ ಹೀಟರ್ ಪೂರ್ತಿ ಹಾಕಿದಿರಿ. ಎಂಜಿನ್ನಿನ ಬಿಸಿ ಒಳಗೆ ಎಳೆದುಕೊಂಡರೆ ಅದು ತಣಿಯುತ್ತದಂತೆ. ಅದು ತಣಿಯಿತು, ನಾವು ಬೆಂದೆವು. ಮೇಲೆ ತಲುಪಿದಾಗ ನಿಮ್ಮ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ನನ್ನ ಕುಂಕುಮ ಮೂಗಿನ ತನಕ ಇಳಿದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಗೇರಿನ ಗಾಡಿಯ ಲೈಸೆನ್ಸೇ ಮಾಡು ಎಂದು ಹಠ ಹಿಡಿದವರೂ ನೀವೇ. ಮಾಡಿದ್ದು ಒಳ್ಳೆಯದೇ ಆಯಿತು.

ಈಗ ಅಕ್ಟೋಬರಿನ ವಿಷಯಕ್ಕೆ ಬರುತ್ತೇನೆ. ಅತ್ತೆ ವಿಸಿಟ್ ವೀಸಾದಲ್ಲಿ ನಮ್ಮಲ್ಲಿ ಇದ್ದರು. ಎರಡು ಸೀಟಿನಲ್ಲಿ ನೀವು ಮತ್ತು ಅವರು, ನಾನು ಮೆಟ್ರೋದಲ್ಲಿ ಹಿಂದಿನಿಂದ ಬಂದು ಸೇರುವುದು. ಅದೇ ಹೊತ್ತಿಗೆ ಕಾರಿನ ವರ್ಷದ ಪಾಸಿಂಗ್ ಬಂತು, ಕಾರು ಟೆಸ್ಟಿನಲ್ಲಿ ಫೇಲ್ ಆಯಿತು. ನೀವು ಸುಸ್ತಾಗಿದ್ದಿರಿ. ಅತ್ತೆ ಊರಿಗೆ ಹೋದ ಮೇಲೆ ಒಂದು ದಿನ ನನ್ನ ಅಮ್ಮ ಫೋನ್ ಮಾಡಿ ಅತ್ತಳು. ನಿನ್ನ ಗಂಡನಿಗೆ ನೀನು ಬೇಡವಂತೆ, ಹಳೆಯದಾಗಿದ್ದೀಯಂತೆ, ದಿನಾ ರಗಳೆಯಂತೆ, ಬಿಟ್ಟುಬಿಡುತ್ತಾನಂತೆ ಎಂದಳು. ಯಾರು ಹೇಳಿದರೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನನಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. ಅದೇ ವಾರ ನೀವು ಬಂದು, ಅಬುಧಾಬಿಯ ಸೈಟಿಗೆ ಹಾಕಿದ್ದಾರೆ, ದಿನಾ ಹೋಗಿಬರಲು ದೂರ, ಖಲೀಫಾ ಸಿಟಿಯಲ್ಲಿ ರೂಮು ಮಾಡುತ್ತೇನೆ ಎಂದಿರಿ. ನನ್ನ ಮುಖ ನೋಡಲಿಲ್ಲ. ಓಹೋ, ಅಮ್ಮ ಹೇಳಿದ್ದು ಸತ್ಯ ಎಂದುಕೊಂಡೆ. 'ಸರಿ' ಎಂದೆ. ನಿಮ್ಮ ಅಂಗಿಗಳಿಗೆ ಇಸ್ತ್ರಿ ಹಾಕಿ ನಾನೇ ಬ್ಯಾಗಿಗೆ ತುಂಬಿದೆ. ಆ ಇಸ್ತ್ರಿ ಪೆಟ್ಟಿಗೆಯನ್ನು ನಿಮ್ಮ ತಲೆಗೆ ಹಾಕಬೇಕೆಂದು ಎಷ್ಟು ಸಲ ಅನಿಸಿತೋ ದೇವರಿಗೇ ಗೊತ್ತು.

ನೀವು ಹೋದ ಮೇಲೆ ಕಾರು ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಅದನ್ನು ನೋಡಿದರೆ ನನಗೆ ಕನ್ನಡಿ ನೋಡಿದ ಹಾಗಾಗುತ್ತಿತ್ತು. ಹಳೆಯದು, ದಿನಾ ರಗಳೆ, ಬಿಟ್ಟುಹೋದದ್ದು. ಒಂದು ದಿನ ಸಿಟ್ಟು ಬಂತು. ಬಕೆಟ್ಟು ಹಿಡಿದು ಇಳಿದೆ, ತೊಳೆದೆ, ಪಕ್ಕದ ಫ್ಲ್ಯಾಟಿನವರ ಗಾಡಿಯಿಂದ ಕರೆಂಟು ಕೊಡಿಸಿ ಸ್ಟಾರ್ಟ್ ಮಾಡಿ ಸೀದಾ ಪಾಯ್ಸರ ಗ್ಯಾರೇಜಿಗೆ ಹೋದೆ. ಪೃಥ್ವಿ ಎಲ್ಲಿ ಎಂದು ಕೇಳಿದರು. ಅಬುಧಾಬಿ ಎಂದೆ. ಊರಿನ ಸುದ್ದಿಯೆಲ್ಲ ಕೆದಕುವ ಮನುಷ್ಯ ಅವತ್ತು ಮುಂದೆ ಏನೂ ಕೇಳಲಿಲ್ಲ, ನನ್ನ ಮುಖ ಅಷ್ಟು ಚಂದ ಇತ್ತು ಅಂತ ಕಾಣುತ್ತದೆ. ನಾಳೆ ಕೊಡುತ್ತೇನೆ ಎಂದವರು ವಾರಗಟ್ಟಲೆ ಆಟ ಆಡಿಸಿದರು. ಒಮ್ಮೆ ತಪ್ಪು ಪಾರ್ಟು ತರಿಸಿ, ಇದು ಇನ್ನೂ ಒಳ್ಳೆಯದು ಎಂದು ನನಗೇ ಬುದ್ಧಿ ಹೇಳಲು ಬಂದರು. ಜಗಳ ಮಾಡಿ ಮಾಡಿ ಹೊಸ ರೇಡಿಯೇಟರ್ ಹಾಕಿಸಿದೆ, ಮುಂದಿನ ಚಕ್ರದ ಬುಷ್ ಬದಲಾಯಿಸಿದೆ. ನಾನೇ ಟೆಸ್ಟಿಗೆ ತೆಗೆದುಕೊಂಡು ಹೋದೆ. ಪಾಸಾಯಿತು. ನಿಮಗೆ ಹೇಳಲಿಲ್ಲ. ಯಾಕೆ ಹೇಳಬೇಕು? ನೀವು ಒಮ್ಮೆಯಾದರೂ ಕೇಳಿದಿರಾ?

ನಿನ್ನೆ ಅತ್ತೆ ಫೋನ್ ಮಾಡಿದ್ದರು. ಸಂಕ್ರಾಂತಿಯ ಮಾತು ಎತ್ತಿದವರು ಇದ್ದಕ್ಕಿದ್ದ ಹಾಗೆ ಅಳಲು ಶುರು ಮಾಡಿದರು. ನಾನು ನಿನ್ನ ಅಮ್ಮನಿಗೆ ಹೇಳಬಾರದಿತ್ತು, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ ಎಂದರು. ಅಂದರೆ ಅಮ್ಮನಿಗೆ ಹೇಳಿದ್ದು ಅತ್ತೆ! ನಿಮ್ಮ ಮಗ ಏನು ಹೇಳಿದರು, ಅಕ್ಷರ ಅಕ್ಷರ ಹೇಳಿ ಎಂದೆ. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ, ತುಳುವನ್ನು ಕನ್ನಡ ಮಾಡಿದ್ದಷ್ಟೇ ನನ್ನ ಕೆಲಸ.

"ನಾನು ದೋಸೆ ಹೊಯ್ತಾ ಇದ್ದೆ ಮಗಾ. ಅವ ಬಾಲ್ಕನಿಯಲ್ಲಿ ನಿಂತು ಫೋನಲ್ಲಿ ಆ ಗ್ಯಾರೇಜಿನ ಪಾಯ್ಸನ ಹತ್ರ ಹೇಳ್ತಾ ಇದ್ದ. ಮುಲ್ಕಿಯಾ ಖಲಾಸ್ ಆಯ್ತು ಮಾರಾಯ್ರೆ, ಹಳತಾಯ್ತು, ದಿನಕ್ಕೊಂದು ರಗಳೆ, ಇನ್ನು ನನ್ನಿಂದ ಆಗುದಿಲ್ಲ, ಬಿಟ್ಟುಬಿಡುದೇ ಒಳ್ಳೆದು ಅಂತ. ನನ್ನ ದೋಸೆ ಅಲ್ಲೇ ಕರಟಿ ಹೋಯ್ತು."

ಈಗ ಗೊತ್ತಾಯಿತಾ? ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮದುವೆಯಾದಂದಿನಿಂದ ನಾನು ಅವರಿಗೆ ಮುಲ್ಕಿ. ಮುಲ್ಕಿ ಎಲ್ಲಿ, ಮುಲ್ಕಿಗೆ ಚಾ ಕೊಡಿ. ಖಲಾಸ್ ಎಂದರೆ ಮುಗಿಯಿತು ಎಂದು ಅವರಿಗೆ ಕೆಳಗಿನ ಗ್ರೋಸರಿಯವನು ಕಲಿಸಿದ್ದ, ತೆಂಗಿನಕಾಯಿ ಕೇಳಿದಾಗೆಲ್ಲ ಅವನದ್ದು ಅದೇ ಉತ್ತರ. ಮುಲ್ಕಿಯಾ ಎಂದರೆ ಏನೆಂದು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ. ಕಾರಿನ ಕಾರ್ಡಿನ ತಾರೀಕು ಮುಗಿಯಿತು ಎಂದು ನೀವು ಅಂದದ್ದು, ಮುಲ್ಕಿಯ ಸೊಸೆಯ ಕಥೆ ಮುಗಿಯಿತು ಎಂದು ಅವರಿಗೆ ಕೇಳಿಸಿತು.

ನಾನು ಬಿದ್ದು ಬಿದ್ದು ನಕ್ಕೆ. ಸೊಸೆಗೆ ತಲೆ ಕೆಟ್ಟಿತೆಂದು ಅವರಿಗೆ ಹೆದರಿಕೆಯಾಯಿತು. ಕೂಡಲೇ ನನ್ನ ಅಮ್ಮನಿಗೆ ಫೋನ್ ಹಚ್ಚಿದೆ. ಆಗ ಹೊರಗೆ ಬಂತು ಉಳಿದದ್ದು. ಅವಳು ನಿಮಗೂ ಫೋನ್ ಮಾಡಿದ್ದಳಂತೆ, ಬೇಡವಾದರೆ ನಮ್ಮ ಹುಡುಗಿಯನ್ನು ಮರ್ಯಾದೆಯಿಂದ ಕಳಿಸಿಕೊಡಿ ಎಂದಳಂತೆ. ನೀವು ಒಂದೂ ಮಾತಾಡದೆ ಫೋನ್ ಇಟ್ಟಿರಂತೆ. ನಾನೇ ಅಮ್ಮನಿಂದ ಹಾಗೆ ಹೇಳಿಸಿದೆ, ನನಗೇ ನೀವು ಸಾಕಾಗಿದ್ದೀರಿ ಎಂದು ನೀವು ತಿಳಿದಿರಿ, ಅಲ್ಲವಾ? ಅದಕ್ಕೇ ಮುಖ ನೋಡದೆ ಅಬುಧಾಬಿ ಹಿಡಿದಿರಿ. ಅಮ್ಮನ ಫೋನ್ ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ಅಡುಗೆಕೋಣೆಯ ನೆಲದಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆಯ ಕಿವಿಯನ್ನು ದೂರಿ ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ. ಇದೆಂತ ಮಾತು ಲತಾ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಆ ಕಾರಿನಲ್ಲಿ ಒಂದು ಸಣ್ಣ ಶಬ್ದ ಬಂದರೆ ರಸ್ತೆ ಬದಿ ನಿಲ್ಲಿಸಿ ಬಗ್ಗಿ ನೋಡುವ ಮನುಷ್ಯ ನೀವು. ಹೆಂಡತಿ ಮಾತೇ ಆಡದೆ ಅಂಗಿ ಮಡಚಿದರೆ ಅನುಮಾನ ಬರಬಾರದಾ? ನನಗೆ ಇದರಿಂದ ತುಂಬಾ ನೋವಾಗಿದೆ, ಇವತ್ತೂ ನೋಯುತ್ತಿದೆ.

ಪಾರ್ಟ್ಸಿಗೆ ನಾನು ಸಹಿ ಹಾಕುವುದಿಲ್ಲ. ಆ ಆಫೀಸಿನವರಿಗೆ ಬೇರೆ ಕಾರು ನೋಡಿಕೊಳ್ಳಲು ಹೇಳಿ. ನೀವು ನನ್ನ ಎದುರು ನಿಂತು ಒಂದು ಮಾತು ಹೇಳಬೇಕು, ಕಾರಿನ ವಿಷಯ ಅಲ್ಲ, ನನ್ನ ವಿಷಯ. ಬೇಕೋ, ಬೇಡವೋ. ಬೇಡವೆಂದಾದರೆ ಭಾನುವಾರ ಬಂದು ಹೇಳಿದ ಕಡೆಯಲ್ಲೆಲ್ಲ ಸಹಿ ಹಾಕುತ್ತೇನೆ, ಆಮೇಲೆ ಪಾಪ ಎಂದು ಫೋನ್ ಮಾಡಬೇಡಿ. ಬೇಕು ಎಂದಾದರೆ ಮೊದಲು ಆ ರೂಮು ಬಿಡಿ.

ಅತ್ತೆಗೆ ಮಾತ್ರ ಅವರ ಕಿವಿಯ ಸಂಗತಿ ಹೇಳಬೇಡಿ. ನಮ್ಮ ಸಂಸಾರ ತನ್ನಿಂದ ಹಾಳಾಯಿತು ಎಂದು ತಿಳಿದರೆ ಅವರು ಊಟ ಬಿಡುತ್ತಾರೆ. ನಿಮ್ಮ ಮಗನಿಗೂ ನನಗೂ ಸಣ್ಣ ಜಗಳ ಆಗಿತ್ತು, ಸರಿಹೋಗುತ್ತದೆ ಎಂದು ಹೇಳಿದ್ದೇನೆ. ಅದು ಸುಳ್ಳಾಗುವುದೋ ಇಲ್ಲವೋ ನಿಮ್ಮ ಕೈಯಲ್ಲಿದೆ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ಸ್ವರ್ಣಲತಾ

ತಾ.ಕ.: ಇದನ್ನು ಪೋಸ್ಟಿಗೆ ಹಾಕಲಿಲ್ಲ. ಹಾಕಿದ್ದರೆ ನಿಮ್ಮ ಕಂಪನಿಯ ಪೋಸ್ಟ್ ಬಾಕ್ಸಿನಲ್ಲಿ ಕೂತು ಭಾನುವಾರ ದಾಟುತ್ತಿತ್ತು. ಮಾಡು ಬಿಚ್ಚಿ ಹೈವೇಯಲ್ಲಿ ಓಡಿಸಿಕೊಂಡು ನಾನೇ ತಂದೆ, ತಲೆಕೂದಲು ಕಾಗೆ ಗೂಡಾಗಿದೆ. ಈ ಸಾಲುಗಳನ್ನು ಖಲೀಫಾ ಸಿಟಿಯಲ್ಲಿ ನಿಮ್ಮ ರೂಮಿರುವ ವಿಲ್ಲಾದ ಗೇಟಿನ ಹೊರಗೆ ಬರೆಯುತ್ತಿದ್ದೇನೆ, ವಾಚ್‌ಮನ್ ಹತ್ತಿರ ಒಳಗೆ ಕಳಿಸುತ್ತೇನೆ. ಬಾಗಿಲು ತಟ್ಟುವ ಧೈರ್ಯ ನನಗಿಲ್ಲ. ಹೆದರಿಕೆಯಾಗಿ ವಾಪಸ್ ಹೊರಟುಬಿಡುತ್ತೇನೋ ಎಂದು ಬಂದ ಕೂಡಲೇ ಎಂಜಿನ್ ಆಫ್ ಮಾಡಿದೆ. ದೂರ ಓಡಿಸಿ ಒಮ್ಮೆ ನಿಲ್ಲಿಸಿದರೆ ಬಿಸಿ ಆರುವ ತನಕ ಅದು ಪುನಃ ಸ್ಟಾರ್ಟ್ ಆಗುವುದಿಲ್ಲ, ಏನಿಲ್ಲವೆಂದರೂ ಅರ್ಧ ಗಂಟೆ ಎಂದು ನಿಮಗೆ ಗೊತ್ತಲ್ಲ. ಅದನ್ನೂ ಸರಿ ಮಾಡಿಕೊಡುತ್ತೇನೆ ಎಂದು ಪಾಯ್ಸರು ಅಂದಿದ್ದರು. ಅದೊಂದು ಇರಲಿ ಬಿಡಿ ಎಂದು ನಾನೇ ಹೇಳಿದೆ.