ಕೆರೆದು ನೋಡಬೇಡಿ

೧೧ನೇ ತಾರೀಖು, ಸೋಮವಾರ

ಅಮ್ಮಾ,

ಫೋನಲ್ಲಾದರೆ ನಾನು ಬಾಯಿ ತೆರೆಯೋ ಮೊದಲೇ ನೀನು ಅಳ್ತೀಯ, ಆಮೇಲೆ ನಾನೂ ಅಳ್ತೀನಿ, ಮಾತು ಅಲ್ಲಿಗೇ ನಿಲ್ಲುತ್ತೆ. ಅದಕ್ಕೇ ಕಾಗದ. ಪೂರ್ತಿ ಓದಿದ ಮೇಲೇ ಅಪ್ಪನ ಕೈಗೆ ಕೊಡು.

ಭಾನುವಾರ ಬಂದು ಈ ಬಾಡಿಗೆ ರೂಮು ಖಾಲಿ ಮಾಡಿಸಿ, ನನ್ನನ್ನು ಮತ್ತೆ ಹಾಸ್ಟೆಲಿಗೆ ಸೇರಿಸ್ತೀನಿ ಅಂದೆಯಲ್ಲ, ನಾನು ಹೋಗಲ್ಲ. ಇಷ್ಟೇ ವಿಷಯ. ಉಳಿದಿದ್ದೆಲ್ಲ ಗಿಡದ ಬಗ್ಗೆ.

ನಾನು ತಂದ ಕ್ರೋಟನ್ ಗಿಡ ಸತ್ತುಹೋಗಿದೆ, ಹುಡುಗಿ ಒಣಕಡ್ಡಿ ಮುಂದೆ ಕೂತು ಮಾತಾಡ್ತಾಳೆ ಅಂತ ಕೆಳಗಿನ ಓನರ್ ಆಂಟಿ ನಿನಗೆ ಹೇಳಿದ್ದಾರೆ. ಮಾತಾಡಿದ್ದು ನಿಜ, ಪಾಠ ಒಪ್ಪಿಸ್ತಿದ್ದೆ. ಸತ್ತಿದೆ ಅನ್ನೋದು ಸುಳ್ಳು. ತಂದಾಗ ಎಲೆ ತುಂಬ ಹಳದಿ, ಕೆಂಪು. ಯಾರೋ ಬಣ್ಣದ ಬ್ರಶ್ ಒದರಿದ ಹಾಗೆ. ಬೆಳಕು ಸಾಲದೇನೋ ಅಂತ ಕಿಟಕಿಗೆ ಇಟ್ಟೆ. ಬಿಸಿಲು ಜಾಸ್ತಿಯೇನೋ ಅಂತ ಬಚ್ಚಲಿಗೆ. ಗಾಳಿ ಬೇಕೇನೋ ಅಂತ ಮೆಟ್ಟಿಲಿಗೆ. ಒಂದೇ ವಾರದಲ್ಲಿ ನನ್ನ ಟೆನ್ಷನ್ನೆಲ್ಲ ಅದರ ಮೇಲೆ. ಪಾಪ, ಒಂದೆಲೆ ಬಿಡದೆ ಉದುರಿಸಿಬಿಡ್ತು. ನರ್ಸರಿಯವರನ್ನು ಕೇಳಿದರೆ ನಕ್ಕರು. ಈ ಜಾತಿಗೆ ಜಾಗ ಬದಲಾಯಿಸಿದರೆ ಸಿಟ್ಟು ಬರುತ್ತೆ, ಒಂದು ಕಡೆ ಇಟ್ಟು ಸುಮ್ಮನಿರು ತಾಯಿ, ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕು ಅಂದರು.

ಹತ್ತೊಂಬತ್ತು ದಿನದಿಂದ ಕಿಟಕಿ ಪಕ್ಕದಿಂದ ಕದಲಿಸಿಲ್ಲ. ಆದರೆ ಆಂಟಿ! ಟ್ಯಾಂಕಲ್ಲಿ ನೀರಿದೆಯಾ ಅಂತ ಮೇಲೆ ಬರೋ ನೆಪ, ಗಿಡಕ್ಕೆ ಜೀವ ಇದೆಯಾ ಅಂತ ಉಗುರಲ್ಲಿ ತೊಗಟೆ ಕೆರೆದು ನೋಡೋ ಕೆಲಸ. ದಿನಕ್ಕೊಂದು ಗೀರು. ಹೀಗೆ ಪರೀಕ್ಷೆ ಮಾಡ್ತಾ ಹೋದರೆ ಬದುಕಿರೋದೂ ಸಾಯುತ್ತೆ. ಕೊನೆಗೆ ಕುಂಡಕ್ಕೆ ಚೀಟಿ ಅಂಟಿಸಿದೆ: ಕೆರೆದು ನೋಡಬೇಡಿ. ಅವರಿಗೆ ಕೋಪ ಬಂತು, ನಿನಗೆ ಫೋನ್ ಬಂತು.

ಐದನೇ ಕ್ಲಾಸಿಂದ ಮೂರು ಹಾಸ್ಟೆಲ್, ಅಮ್ಮ. ಪ್ರತಿ ಸಲ ಹೊಸ ಮಂಚ, ಟ್ರಂಕಿನ ಮೇಲೆ ಹೊಸ ನಂಬರ್. ನಮ್ಮ ಹುಡುಗಿ ಎಲ್ಲಿಟ್ಟರೂ ಅಡ್ಜಸ್ಟ್ ಆಗ್ತಾಳೆ ಅಂತ ನೀನು ಕಂಡವರ ಹತ್ತಿರವೆಲ್ಲ ಹೊಗಳಿಕೊಂಡೆ. ಆಗಿರಲಿಲ್ಲ. ಹೇಳಿರಲಿಲ್ಲ ಅಷ್ಟೇ. ಈ ರೂಮಿನ ಬಾಗಿಲಿಗೆ ಒಳಗಡೆ ಚಿಲಕ ಇದೆ, ಗೊತ್ತಾ? ಭಯ ಇದೆ, ಇಲ್ಲ ಅನ್ನಲ್ಲ. ಕ್ಲಾಸಲ್ಲಿ ನನ್ನ ಹೆಸರು ಕರೆದರೆ ಗೊತ್ತಿರೋ ಉತ್ತರವೂ ಮರೆತುಹೋಗುತ್ತೆ. ಆದರೂ ಹೋಗ್ತಿದ್ದೀನಿ, ಒಂದು ದಿನವೂ ತಪ್ಪಿಸಿಲ್ಲ.

ಬರೋದಾದರೆ ಬಾ. ಖಾಲಿ ಸೂಟ್‌ಕೇಸ್ ಮಾತ್ರ ತರಬೇಡ. ಎರಡು ದಿನ ಇದ್ದು ಹೋಗು. ಮಂಚ ನಿನಗೆ, ಚಾಪೆ ನನಗೆ.

ನೀನೇ ಹೆಸರಿಟ್ಟ,
ಮೊಂಡಿ

ತಾ.ಕ.: ಮೊದಲ ಟೆಸ್ಟಲ್ಲಿ ಫೇಲಾದೆ. ಇದು ಆಂಟಿಗೂ ಗೊತ್ತಿಲ್ಲ. ರಿಸಲ್ಟ್ ನೋಡಿ ಬಂದವಳು, ಚೀಟಿ ಅಂಟಿಸಿದ ನಾನೇ, ಬುಡದ ಹತ್ತಿರ ಉಗುರಲ್ಲಿ ಒಂದು ಸಲ ಕೆರೆದುಬಿಟ್ಟೆ. ತೊಗಟೆ ಒಳಗೆ ಹಸಿರಿತ್ತು. ನೀನು ಬಂದಾಗ ಮತ್ತೆ ನೋಡೋಕೆ ಹೋಗಬೇಡ. ನಾನು ಹೇಳಿದ್ದನ್ನು ನಂಬು.